ಏಳು ಕೋಟಿಯ ಸವತಿ

ನಾನು ಒಂದು ಸಂಖ್ಯೆ. ಬರೆದರೆ ೭,೩೯,೩೯,೧೩೩. ಬಾಯಿಬಿಟ್ಟು ಹೇಳಿದರೆ ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ತಮೂರು. ಒಂದೇ ಉಸಿರಿನಲ್ಲಿ ಹೇಳಿ ನೋಡಿ, ನಾಲಿಗೆಗೆ ಹಿತವಾಗಿದ್ದೇನೆ. ಜಂಬ ಎಂದುಕೊಂಡರೆ ಎಂದುಕೊಳ್ಳಿ, ಇದ್ದದ್ದನ್ನು ಹೇಳಿದೆ.

ಕುರ್ಚಿ, ಕೊಡೆ, ಸೈಕಲ್ಲುಗಳು ತಮ್ಮ ಕಥೆ ಹೇಳಲು ಕುಳಿತರೆ ಮೊದಲು ಬಡಗಿಯನ್ನೋ ಕಾರ್ಖಾನೆಯನ್ನೋ ನೆನೆಯುತ್ತವೆ. ನನಗೆ ಆ ಭಾಗ್ಯವಿಲ್ಲ. ನನ್ನನ್ನು ಯಾರೂ ಮಾಡಿಲ್ಲ. ನನ್ನ ಹಿಂದಿನ ಸಂಖ್ಯೆಗೂ ಮುಂದಿನ ಸಂಖ್ಯೆಗೂ ನಡುವೆ ನಾನು ಮೊದಲಿನಿಂದಲೂ ನಿಂತೇ ಇದ್ದೆ. ಆದರೆ ನಿಂತಿರುವುದು ಬೇರೆ, ಬದುಕುವುದು ಬೇರೆ. ನನ್ನನ್ನು ಎಲ್ಲಿ ಬರೆಯುತ್ತಾರೋ ಅಲ್ಲಿ ನನಗೆ ಕಣ್ಣು, ಎಲ್ಲಿ ಹೇಳುತ್ತಾರೋ ಅಲ್ಲಿ ನನಗೆ ಕಿವಿ. ಯಾರೂ ನೆನೆಯದಿದ್ದರೆ ನಾನು ಇದ್ದೂ ಇಲ್ಲದ ಹಾಗೆ. ಹಾಗೆ ನೋಡಿದರೆ ನಾನು ಹುಟ್ಟಿದ್ದು ಬೆಟಗೇರಿಯ ಒಂದು ಅಡುಗೆಮನೆಯ ನೆಲದ ಮೇಲೆ, ಒಲೆಯಿಂದ ಮೂರು ಮೊಳ ದೂರದಲ್ಲಿ.

ಕಥೆ ನನ್ನದೇ. ಆದರೆ ಇದರಲ್ಲಿ ಕಳೆದುಕೊಳ್ಳಲಿಕ್ಕೆ ನನ್ನದೇನೂ ಇರಲಿಲ್ಲ. ಇದ್ದದ್ದು ನೀಲವ್ವನಿಗೆ. ಒಂದು ಕಾಲಕ್ಕೆ ಅವಳಿಗೆ ಒಂದೇ ವಿಷಯ ತಿಳಿಯಬೇಕಾಯಿತು: ಹಾಸಿಗೆ ಹಿಡಿದ ಗಂಡನಿಗೆ ತನ್ನ ಗುರುತು ಉಳಿದಿದೆಯೋ ಇಲ್ಲವೋ. ಅದನ್ನು ತಿಳಿಯಲು ಅವಳಿಗೆ ನಾನು ಬೇಕಾದೆ. ನನ್ನನ್ನು ಕಂಡರೆ ಆಗದ ಹೆಂಗಸಿಗೆ.

ಆ ಗಂಡ ಅಂದಾನೆಪ್ಪ ಹೊಂಬಳ, ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಎತ್ತರದ ಆಳು, ತುಸು ಮುಂಗೋಪ. ಕಾಗದ ಹಾಳುಮಾಡುವುದು ಅವರಿಗೆ ಸೇರುತ್ತಿರಲಿಲ್ಲ. ಶಾಲೆಯಲ್ಲಿ ಉಳಿದ ಸೀಮೆಸುಣ್ಣದ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಬಂದು, ಊಟವಾದ ಮೇಲೆ ಅಡುಗೆಮನೆಯ ಫರಸಿ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಭಾಗಾಕಾರ ಮಾಡುತ್ತಿದ್ದರು. ಮಾಡಿದ ಲೆಕ್ಕ ಸರಿ ಅನ್ನಿಸಿದರೆ ಮಾತ್ರ ಕಾಗದಕ್ಕೆ ಇಳಿಸುತ್ತಿದ್ದರು. ನಡುಮನೆಯಲ್ಲಿ ಯಾಕೆ ಕೂರಬಾರದು ಎಂದರೆ ಅಲ್ಲಿನ ನೆಲ ಸಗಣಿ ಸಾರಿಸಿದ್ದು, ಸೀಮೆಸುಣ್ಣ ಮೂಡುತ್ತಿರಲಿಲ್ಲ.

ಅವರು ಹುಡುಕುತ್ತಿದ್ದದ್ದು ಏನು ಎಂದು ಹೇಳಬೇಕು. ಹೆಂಡತಿಗೆ ಅವರು ಅದನ್ನು ಶೇಂಗಾ ಕಾಳಿಟ್ಟು ತಿಳಿಸಿದ್ದರು. ಹನ್ನೆರಡು ಕಾಳುಗಳನ್ನು ಮೂರು ಸಾಲು ಮಾಡಿ ಒಂದೊಂದರಲ್ಲಿ ನಾಲ್ಕು ನಾಲ್ಕು ಇಡಬಹುದು. ಏಳು ಕಾಳು ಕೊಟ್ಟು ಸಾಲು ಮಾಡು ಎಂದರೆ ಒಂದೇ ಉದ್ದ ಸಾಲು, ಬೇರೆ ದಾರಿಯಿಲ್ಲ. ಎರಡು ಸಾಲು ಮಾಡಲು ಹೋದರೆ ಒಂದು ಕಾಳು ಕೈಯಲ್ಲೇ ಉಳಿಯುತ್ತದೆ. ಇಂಥ ಹಟಮಾರಿಗಳನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟು ಇನ್ನಾರಿಗೂ ಪಾಲು ಕೊಡುವವರಲ್ಲ.

ಮಾಸ್ತರರ ಹುಚ್ಚು ಅದಕ್ಕಿಂತ ಒಂದು ಕೈ ಮೇಲೆ. ಬಾಲ ಕತ್ತರಿಸಿದರೂ ಅವಿಭಾಜ್ಯವಾಗಿಯೇ ಉಳಿಯುವ ಸಂಖ್ಯೆ ಅವರಿಗೆ ಬೇಕಿತ್ತು. ಬಲಗಡೆಯ ಕೊನೆಯ ಅಂಕಿ ಅಳಿಸಿ, ಉಳಿದದ್ದು ಅವಿಭಾಜ್ಯ. ಇನ್ನೊಂದು ಅಳಿಸಿ, ಆಗಲೂ ಅವಿಭಾಜ್ಯ. ಕೊನೆಗೆ ಒಂದೇ ಅಂಕಿ ಉಳಿಯುವವರೆಗೂ ಹಾಗೆಯೇ. ಅವರು ಏಳರಿಂದ ಶುರುಮಾಡಿದ್ದರು. ಏಳು, ಎಪ್ಪತ್ತಮೂರು, ಏಳುನೂರಾ ಮೂವತ್ತೊಂಬತ್ತು ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತ, ಮೂರು ವರ್ಷದ ಮೇಲೆ ಒಂದು ಭಾನುವಾರ ನನ್ನ ಹತ್ತಿರ ಬಂದರು.

ಬಂದವರೇ ನನ್ನನ್ನು ಕೊಂದರು.

ಭಾಜಕಗಳನ್ನು ಒಂದೊಂದಾಗಿ ಹಿಡಿದು ಭಾಗಿಸುತ್ತ ಹೊರಟವರು ಮೂವತ್ತೊಂದಕ್ಕೆ ಬಂದರು. ಭಾಗಾಕಾರದ ಕೊನೆಯ ಹೆಜ್ಜೆಯಲ್ಲಿ ೧೦೩ರಿಂದ ೯೩ ಕಳೆಯಬೇಕಿತ್ತು. ಮೂರರಲ್ಲಿ ಮೂರು ಹೋದರೆ ಸೊನ್ನೆ. ಹತ್ತರಲ್ಲಿ ಒಂಬತ್ತು ಹೋದರೆ ಒಂದು. ಅಷ್ಟೇ. ಆದರೆ ಮಾಸ್ತರರು ಯಾರೂ ಕೇಳದ ದಶಕವೊಂದನ್ನು ಮೂರಕ್ಕೆ ಕೊಟ್ಟುಬಿಟ್ಟೆ ಎಂದುಕೊಂಡು ಹತ್ತನ್ನು ಒಂಬತ್ತು ಮಾಡಿದರು. ಒಂಬತ್ತರಲ್ಲಿ ಒಂಬತ್ತು ಹೋಗಿ ಸೊನ್ನೆ. ಶೇಷವಿಲ್ಲ. ಯಾವ ತಪ್ಪಿಗೆ ಎಂಟನೆಯ ಇಯತ್ತೆಯ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರೋ ಅದೇ ತಪ್ಪು. "ಹೋತು, ಇದೂ ಒಡೀತು" ಎಂದು ಬೆನ್ನು ನೀವಿಕೊಂಡು ಎದ್ದರು. ನಾನು ನೆಲದ ಮೇಲೆ ಬಿದ್ದುಕೊಂಡು ಅವರ ಹಿಮ್ಮಡಿಗಳು ಹೊಸ್ತಿಲು ದಾಟುವುದನ್ನು ನೋಡಿದೆ. ಕೂಗಿ ಕರೆಯಲು ನನಗೆ ಬಾಯಿಯಿಲ್ಲ.

ಮರುದಿನ ಸೋಮವಾರ. ನೀಲವ್ವ ಎದ್ದವಳೇ ಅಡುಗೆಮನೆಯ ನೆಲಕ್ಕೆ ನೀರು ಹೊಡೆದಳು. ನಾನು ಕಂಡ ಅವಳ ಮೊದಲ ರೂಪ ಅದು: ಒಡೆದ ಹಿಮ್ಮಡಿ, ಕಾಲುಂಗುರ, ಮೇಲೆ ಕಟ್ಟಿದ ಇಲಕಲ್ಲ ಸೀರೆಯ ಅಂಚು, ಕೈಯಲ್ಲಿ ಒದ್ದೆ ಅರಿವೆ. ಒಂದೇ ಎಳೆತಕ್ಕೆ ನನ್ನ ಬಲಗಡೆಯ ಮೂರು ಅಂಕಿ ಹೋದವು. ಎರಡನೆಯ ಎಳೆತಕ್ಕೆ ನಾನಿರಲಿಲ್ಲ.

ಸಂಜೆ ಶಾಲೆಯಿಂದ ಬಂದ ಮಾಸ್ತರರು ಬೋಳು ನೆಲ ನೋಡಿ ಹೌಹಾರಿದರು.

"ಇಲ್ಲಿ ನನ್ನ ಲೆಕ್ಕ ಇತ್ತಲ್ಲ, ಏನ ಮಾಡಿದಿ?"

"ನೆಲಾ ಒರಸೇನಿ, ಮತ್ತೇನ ಮಾಡ್ಲಿ? ಸೋಮವಾರ ಐತಿ. ಲೆಕ್ಕ ಇಡಾಕ ನಿಮಗ ಬ್ಯಾರೆ ಜಾಗಾ ಸಿಗಲಿಲ್ಲೇನು, ಒಲಿ ಮುಂದನ ಬೇಕಾತೇನು?"

ಕಾಗದಕ್ಕೆ ಇಳಿಸದ ಲೆಕ್ಕ ಅವರಿಗೆ ಲೆಕ್ಕವಲ್ಲ. ಒಡೆದ ಸಂಖ್ಯೆಗಳನ್ನೂ ಅವುಗಳ ಭಾಜಕದೊಂದಿಗೆ ಬರೆದಿಡುವುದು ಅವರ ಪದ್ಧತಿ. ಗೊಣಗುತ್ತ ಕುಳಿತು ಮೂವತ್ತೊಂದರಿಂದ ಮತ್ತೆ ಭಾಗಿಸಿದರು. ಕೊನೆಗೆ ಹತ್ತು ಉಳಿಯಿತು. ಇನ್ನೊಮ್ಮೆ ಮಾಡಿದರು. ಹತ್ತೇ ಉಳಿಯಿತು. ಆಮೇಲೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಕಡೆ ತಿರುಗಿ, "ನೀ ಒರಸದಿದ್ರ ನಾ ಇದನ್ನ ಸಾಯಿಸಿಬಿಡ್ತಿದ್ದೆ" ಎಂದರು.

"ಹಂಗಾದ್ರ ದಿನಾ ಒರಸ್ತೇನಿ ಬಿಡ್ರಿ" ಎಂದಳು ನೀಲವ್ವ, ರೊಟ್ಟಿಯಿಂದ ಕಣ್ಣೆತ್ತದೆ.

ಹೀಗೆ ನನಗೆ ಜೀವ ಬಂದದ್ದು ಆ ಒದ್ದೆ ಅರಿವೆಯಿಂದ. ಅವಳ ಬಗ್ಗೆ ನಾನು ಮುಂದೆ ಏನೇ ಹೇಳಲಿ, ಇದನ್ನು ನೆನಪಿಟ್ಟುಕೊಳ್ಳಿ.

ಮುಂದೆ ಬಹಳ ಕೆಲಸವಿತ್ತು. ಒಂದು ಸಂಖ್ಯೆ ಒಡೆಯುವುದಿಲ್ಲ ಎಂದು ಹೇಳಬೇಕಾದರೆ ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಅಲ್ಲಿಯವರೆಗೆ ಯಾರಿಗೂ ಬಗ್ಗದಿದ್ದರೆ ಅದರಾಚೆ ಹುಡುಕುವ ಅಗತ್ಯವಿಲ್ಲ, ಏಕೆಂದರೆ ಒಡೆದ ಎರಡು ತುಂಡುಗಳಲ್ಲಿ ಒಂದಾದರೂ ಚಿಕ್ಕದಿರಲೇಬೇಕು. ನನ್ನ ಲೆಕ್ಕಕ್ಕೆ ಅದು ಎಂಟು ಸಾವಿರದ ಐನೂರ ತೊಂಬತ್ತೆಂಟರವರೆಗೆ. ಅಷ್ಟರಲ್ಲಿ ಸಾವಿರಕ್ಕೂ ಮಿಕ್ಕಿ ಅವಿಭಾಜ್ಯಗಳಿವೆ. ಅಷ್ಟೂ ಮಂದಿ ಸಾಲಾಗಿ ಬಂದು ನನ್ನನ್ನು ತಟ್ಟಿ, ಕುಟ್ಟಿ, ಏನಾದರೊಂದು ಶೇಷ ಕೈಯಲ್ಲಿ ಹಿಡಿದು ಹೋಗಬೇಕು.

ಒಂದು ಸಲ ಎಡವಿದ ಮಾಸ್ತರರು ಈಗ ಪ್ರತಿ ಲೆಕ್ಕವನ್ನೂ ಎರಡು ಸಲ ನೋಡತೊಡಗಿದರು. ಅದಕ್ಕೆ ಇನ್ನೊಬ್ಬರು ಬೇಕಾಯಿತು. ಕಾಗದ ನೋಡಿ ಅಂಕಿಗಳನ್ನು ಒಂದೊಂದಾಗಿ ಕೂಗಬೇಕು, ಇವರು ನೆಲದ ಲೆಕ್ಕದ ಮೇಲೆ ಬೆರಳಾಡಿಸುತ್ತ ಹೂಂ ಅನ್ನಬೇಕು. ಮನೆಯಲ್ಲಿ ಆ ಕೆಲಸಕ್ಕೆ ಸಿಕ್ಕವಳು ನೀಲವ್ವ ಒಬ್ಬಳೇ. ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಕೈಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂಗುವಳು:

"ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಲಾಭ, ಮೂರು, ಮೂರು."

"ಏನದು ಲಾಭ?"

"ಲಾಭ. ನೀವು ಒಂದು ಅಂತೀರಲ್ಲ, ಅದು."

ನೀಲವ್ವನ ತಂದೆ ನರೇಗಲ್ಲಿನ ಪೇಟೆಯಲ್ಲಿ ಕಾಳು ಅಳೆಯುತ್ತಿದ್ದವರು. ಕಾಳು ಅಳೆಯುವವರು ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರಾಶಿಯ ಬಾಯಿ ತೆರೆಯುವಾಗ ಒಳ್ಳೆಯ ಮಾತು ಬರಲಿ ಎಂದು. ಲಾಭ, ಎರಡು, ಮೂರು. ನೀಲವ್ವ ಎಣಿಕೆ ಕಲಿತದ್ದೇ ಆ ರಾಶಿಯ ಮೇಲೆ ಕುಳಿತು. ನಾಲ್ಕನೆಯ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದರೂ ಆ ಒಂದು ಮಾತ್ರ ಅವಳ ನಾಲಿಗೆಗೆ ಹತ್ತಿರಲಿಲ್ಲ. ಪೇಟೆಯಲ್ಲಿ ಲಾಭ ಬರುವುದು ಎಣಿಕೆಯ ಮೊದಲಿಗೆ ಮಾತ್ರ. ಇವಳಿಗೆ ಎಲ್ಲಿ ಒಂದು ಕಂಡರೂ ಲಾಭವೇ.

"ಗಣಿತದಾಗ ಲಾಭ-ಲುಕ್ಸಾನ ಬ್ಯಾರೆ ಪಾಠ ಐತಿ. ಇದು ಒಂದು. ಒಂದು ಅನ್ನು" ಎಂದು ಮಾಸ್ತರರು ರೇಗುವರು.

"ನಮ್ಮಪ್ಪ ಅಳಿಯೂಮುಂದ ಒಂದು ಅಂದದ್ದು ನಾ ಕೇಳಿಲ್ಲ. ಬ್ಯಾಡಾದ್ರ ಬ್ಯಾರೆಯವರನ್ನ ಕರ್ಕೊಂಬರ್ರಿ" ಎಂದು ಇವಳು ಕಾಗದ ಕೆಳಗಿಡುವಳು.

ಮಾಸ್ತರರು ಸೋತರು. ವರ್ಷಗಳು ಹೋದಂತೆ ಆ ಲಾಭ ಅವರ ಕಿವಿಗೆ ಎಷ್ಟು ಒಗ್ಗಿತೆಂದರೆ, ಒಮ್ಮೆ ಅವಳು ತವರಿಗೆ ಹೋದಾಗ ಶಾಲೆಯ ಗೆಳೆಯರೊಬ್ಬರು ಅಂಕಿ ಕೂಗಲು ಬಂದರೆ, "ನಿಮ್ಮ ದನಿಯೊಳಗ ಲೆಕ್ಕ ಓಡೂದಿಲ್ರೀ" ಎಂದು ಕಳಿಸಿಬಿಟ್ಟರು. ಆ ಗೆಳೆಯರು ಚಿತ್ರಕಲೆಯ ಮಾಸ್ತರರಾದ ರಾಜೇಸಾಬ ಮುಲ್ಲಾ. ಅವರು ಮತ್ತೆ ಬರುತ್ತಾರೆ.

ಕೊನೆಯ ಭಾಜಕವೂ ಶೇಷ ಹಿಡಿದು ಹೋದ ದಿನ ಮಾಸ್ತರರು ನೆಲದಿಂದ ಎದ್ದು ನನ್ನನ್ನು ಗಟ್ಟಿಯಾಗಿ ಹೇಳಿದರು. "ಏಳು ಕೋಟಿ..." ಎನ್ನುವಷ್ಟರಲ್ಲಿ ಪಡಸಾಲೆಯಲ್ಲಿ ಕುಳಿತಿದ್ದ ಅವರ ತಾಯಿ, ಮೈಲಾರಲಿಂಗನ ಒಕ್ಕಲಿನ ಮುದುಕಿ, ಅದನ್ನು ದೇವರ ಜಯಕಾರವೆಂದುಕೊಂಡು, ಮಗನಿಗೆ ಕೊನೆಗೂ ಭಕ್ತಿ ಬಂತೆಂದು ಕೈಮುಗಿದು "ಚಾಂಗಮಲೋ" ಎಂದಳು. ಮಾಸ್ತರರು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ನನ್ನ ಬಲಗಡೆಗೆ ಇನ್ನೊಂದು ಅಂಕಿ ಸೇರಿಸಿ ಒಂಬತ್ತನೆಯ ಮೆಟ್ಟಿಲು ಹತ್ತಲೂ ನೋಡಿದರು. ಆಗಲಿಲ್ಲ. ಒಂದನ್ನೋ ಏಳನ್ನೋ ಸೇರಿಸಿದರೆ ಮೂರರಿಂದ ಒಡೆಯುತ್ತದೆ. ಮೂರು ಮತ್ತು ಒಂಬತ್ತು ವಾರಗಟ್ಟಲೆ ಗುದ್ದಾಡಿಸಿ ಕೊನೆಗೆ ಒಡೆದವು. ಉಳಿದ ಅಂಕಿಗಳ ಮಾತೇ ಬೇಡ, ಸಮ ಸಂಖ್ಯೆಗಳನ್ನು ಎರಡು ಒಡೆಯುತ್ತದೆ, ಐದನ್ನು ಐದೇ ಒಡೆಯುತ್ತದೆ. ನನ್ನಿಂದ ಮುಂದೆ ದಾರಿಯಿಲ್ಲ. ಬೇರೆ ಅಂಕಿಗಳಿಂದ ಶುರುಮಾಡಿದ ದಾರಿಗಳೂ ನನಗಿಂತ ಕೆಳಗೇ ಮುಗಿದುಹೋದವು. ಬಾಲ ಕತ್ತರಿಸಿದರೂ ಬದುಕುವ ಕುಲದಲ್ಲಿ ನಾನೇ ಎಲ್ಲಕ್ಕಿಂತ ದೊಡ್ಡದು. ಈ ಜಂಬವನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಮಾಸ್ತರರಿಗೆ ಆ ಜಂಬ ಬಹಳ ದಿನ ಉಳಿಯಲಿಲ್ಲ. ಹುಬ್ಬಳ್ಳಿಯ ಕಾಲೇಜೊಂದರ ಪ್ರೊಫೆಸರರು ಇವರ ಕಾಗದಗಳನ್ನು ನೋಡಿ, ಮೆಚ್ಚಿ, ಆಮೇಲೆ ಮೆತ್ತಗೆ ಹೊರದೇಶದ ಗಣಿತ ಪತ್ರಿಕೆಯೊಂದನ್ನು ತೆಗೆದು ತೋರಿಸಿದರು. ಅದರಲ್ಲಿ ನಾನಿದ್ದೆ. ಯಾರೋ ಯಾವಾಗಲೋ ನನ್ನನ್ನು ಕಂಡಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಮಾಸ್ತರರು ಕಿಟಕಿಯಿಂದ ಹೊರಗೆ ನೋಡುತ್ತ, ಬಾಯಲ್ಲಿ ನನ್ನನ್ನು ಹೇಳಿಕೊಳ್ಳುತ್ತ ಕುಳಿತಿದ್ದರು. ಮನೆಗೆ ಬಂದು ಊಟ ಬೇಡ ಎಂದರು.

"ಆತು, ಬ್ಯಾರೆಯವರಿಗೂ ಗೊತ್ತೈತಿ ಅಂದ್ರ ನಿಮ್ಮ ಲೆಕ್ಕ ಖರೇ ಐತಿ ಅಂತಾತಲ್ಲ" ಎಂದಳು ನೀಲವ್ವ. "ನಾಕ ಮಂದಿ ನೋಡಿ ಸೈ ಅಂದದ್ದು ಚಲೋನ ಅಲ್ಲೇನು? ಏಳ್ರಿ, ಸಾರು ಆರತೈತಿ."

ಅವರು ಎದ್ದು ಉಂಡರು. ಅಷ್ಟಾದರೂ ನನ್ನನ್ನು ಬಿಡಲಿಲ್ಲ. ಪೇಟೆಗೆ ಹೋಗುವಾಗ, ಸ್ನಾನಕ್ಕೆ ನೀರು ಕಾಯುವಾಗ, ಮಗಳು ಕಸ್ತೂರಿಯ ತೊಟ್ಟಿಲು ತೂಗುವಾಗಲೂ ನಾನೇ ಬಾಯಲ್ಲಿ. ನೆರೆಮನೆಯವರು ಕೇಳಿದರೆ ನೀಲವ್ವ, "ಅಕಿ ನನ್ನ ಸವತಿ, ಏಳು ಕೋಟಿಯವಳು. ಉಣ್ಣಾಕ ಕೇಳೂದಿಲ್ಲ, ಸೀರಿ ಕೇಳೂದಿಲ್ಲ, ಗಂಡನ್ನ ಮಾತ್ರ ಬಿಡೂದಿಲ್ಲ" ಎಂದು ನಗುತ್ತಿದ್ದಳು. ನಗೆಯ ಹಿಂದೆ ತುಸು ಖಾರವೂ ಇತ್ತು. ಮಾಸ್ತರರನ್ನು ನಾನು ಬಹುವಚನದಲ್ಲಿ ನೆನೆದು ಅವಳನ್ನು ಏಕವಚನದಲ್ಲಿ ನೆನೆಯುವುದು ಇದಕ್ಕೇ. ಸವತಿಯರ ನಡುವೆ ಎಂಥ ಮರ್ಯಾದೆ.

ಮಾಸ್ತರರು ನಿವೃತ್ತರಾದಾಗ ರಾಜೇಸಾಬರು ನನ್ನ ಚಿತ್ರ ಬರೆದುಕೊಟ್ಟರು. ಮೇಲೆ ಏಳು, ಅದರ ಕೆಳಗೆ ೭೩, ಅದರ ಕೆಳಗೆ ೭೩೯, ಹೀಗೆ ಒಂದೊಂದೇ ಅಂಕಿ ಬೆಳೆಯುತ್ತ ಎಂಟನೆಯ ಸಾಲಿನಲ್ಲಿ ಪೂರ್ತಿ ನಾನು. ಕೆಂಪು, ಹಳದಿ, ಹಸಿರು ಬಣ್ಣ. ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಅಡುಗೆಮನೆಯ ನೆಲದಿಂದ ನಾನು ಗೋಡೆ ಹತ್ತಿದೆ. ಅದುವರೆಗೆ ಈ ಮನೆಯವರ ಹಿಮ್ಮಡಿ ನೋಡಿದ್ದ ನಾನು ಈಗ ಅವರ ನೆತ್ತಿ ನೋಡತೊಡಗಿದೆ.

ಆ ಗೋಡೆಯಿಂದಲೇ ಉಳಿದದ್ದನ್ನೆಲ್ಲ ನೋಡಿದ್ದು.

ಒಂದು ಬೆಳಿಗ್ಗೆ ನಳಕ್ಕೆ ಕೊಡ ಹಿಡಿದಿದ್ದ ಮಾಸ್ತರರು ಅಲ್ಲೇ ಕುಸಿದರು. ಲಕ್ವಾ. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಆಸ್ಪತ್ರೆಯಿಂದ ತಂದು ನನ್ನ ಎದುರಿನ ಮಂಚದ ಮೇಲೆ ಮಲಗಿಸಿದರು. ನೋಡಲು ಬರುತ್ತಿದ್ದ ಡಾಕ್ಟರು ಏನೇನೋ ಕೇಳಿದರು. ಕೈ ಎತ್ತಿ, ಕಣ್ಣು ಮುಚ್ಚಿ, ನಾಲಿಗೆ ತೋರಿಸಿ. ಮಾಸ್ತರರು ಒಂದನ್ನೂ ಮಾಡಲಿಲ್ಲ.

"ಬರೀ ಮಾತು ಹೋಗಿಲ್ರೀ ಅಮ್ಮಾ" ಎಂದರು ಡಾಕ್ಟರು. "ನಾವು ಆಡಿದ್ದೂ ಅವರಿಗೆ ತಿಳಿದಂಗ ಕಾಣೂದಿಲ್ಲ. ಗುರುತು ಹಿಡಿತಾರ ಅಂತ ಭಾಳ ಆಸೆ ಇಟ್ಕೋಬ್ಯಾಡ್ರಿ."

ಆ ಮಾತು ಮನೆಯಲ್ಲಿ ಬಿದ್ದ ಮೇಲೆ ಬಂದವರ ನಡವಳಿಕೆ ಬದಲಾಯಿತು. ಮಂಚದ ಪಕ್ಕದಲ್ಲೇ ಕುಳಿತು ಮಾಸ್ತರರ ಬಗ್ಗೆ ಹೋದವರ ಬಗ್ಗೆ ಆಡುವಂತೆ ಆಡತೊಡಗಿದರು. ಬೀಗರೊಬ್ಬರು ಸಮಾಧಿಗೆ ಹೊಲದ ಯಾವ ಮೂಲೆ ಒಳ್ಳೆಯದು ಎಂದು ವಿಚಾರ ತೆಗೆದರು. ನೀಲವ್ವ ಅವರ ಚಹಾದ ಕಪ್ಪು ಎತ್ತಿಕೊಂಡು, "ನೀವು ಎದ್ದು ಹೋಗ್ರಿ ಮದ್ಲ" ಎಂದಳು. ಅವರು ಹೋದರು.

ಕಸ್ತೂರಿಗೆ ಅದೇ ಊರಿನ ಅಂಚೆ ಕಚೇರಿಯಲ್ಲಿ ಕೆಲಸ. ಗಂಡ, ಮಕ್ಕಳೊಂದಿಗೆ ಈ ಮನೆಯಲ್ಲೇ ಇದ್ದಳು. ತಂದೆಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ತಾಯಿಮಗಳು ಸೇರಿಯೇ ಮಾಡುತ್ತಿದ್ದರು. ನೀಲವ್ವ ಬೆಳಿಗ್ಗೆ ಗಂಡನ ಮುಖ ತೊಳೆಸುವಾಗ ದಿನವೂ ಕೇಳುವಳು: "ರೀ, ಇಲ್ಲೆ ನೋಡ್ರಿ. ನಾ ಯಾರು?" ಮಾಸ್ತರರು ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಎದುರು ಕುಳಿತವರನ್ನು ನೋಡುವಂತೆ ನೋಡುವರು. ಆಮೇಲೆ ಕಣ್ಣು ಗೋಡೆಗೆ ಹೊರಳುವುದು, ನನ್ನ ಕಡೆ.

"ಅವ್ವಾ, ಡಾಕ್ಟರ ಹೇಳ್ಯಾರಲ್ಲ. ದಿನಾ ಕೇಳಿ ಯಾಕ ಜೀವಾ ಸಣ್ಣ ಮಾಡ್ಕೋತಿ?" ಎಂದಳು ಕಸ್ತೂರಿ ಒಂದು ದಿನ.

"ಕೈಯಾಗ ತುತ್ತು ಇಸ್ಗೊಂತಾರ, ಯಾರ ಕೈ ಅಂತ ಗೊತ್ತಿಲ್ಲಂದ್ರ ಹೆಂಗವ್ವಾ?" ಎಂದಳು ನೀಲವ್ವ. "ಅವರು ಮಾತಾಡದಿದ್ರೂ ನಡೀತೈತಿ. ಇಕಿ ನನ್ನ ಹೆಂಡ್ತಿ ಅಂತ ಒಂದು ಸಲಾ ಗೊತ್ತಾಗೇತಿ ಅಂದ್ರ ಸಾಕು. ಆಮ್ಯಾಲೆ ನಾ ಏನೂ ಕೇಳೂದಿಲ್ಲ."

ಒಂದು ಶುಕ್ರವಾರ ನಮಾಜು ಮುಗಿಸಿ ರಾಜೇಸಾಬರು ಬಂದರು. ಗೆಳೆಯರ ಎಡಗೈಯನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ಶಾಲೆಯ ಹಳೆಯ ಸುದ್ದಿಗಳನ್ನೆಲ್ಲ ಹೇಳಿದರು. ಉತ್ತರವಿಲ್ಲದ ಕಡೆ ಎಷ್ಟೆಂದು ಮಾತಾಡುವುದು? ಸುದ್ದಿ ತೀರಿತು. ಗೋಡೆಯ ಮೇಲಿನ ತಮ್ಮದೇ ಚಿತ್ರ ಕಂಡಿತು. ಸುಮ್ಮನೆ ಓದತೊಡಗಿದರು. "ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಒಂದು, ಮೂರು, ಮೂರು."

ಮಾಸ್ತರರ ಬೆರಳುಗಳು ಅವರ ಅಂಗೈಯನ್ನು ಒತ್ತಿದವು.

ರಾಜೇಸಾಬರು ಕೈ ನೋಡಿಕೊಂಡರು. ಮತ್ತೆ ಹೇಳಿದರು, ಕೊನೆಯ ಮೂರನ್ನು ಬಿಟ್ಟು. ಬೆರಳು ಒತ್ತಿದವು. ಇನ್ನೊಂದು ಬಿಟ್ಟರು, ಒತ್ತಿದವು. ಆಮೇಲೆ ಬೇಕೆಂದೇ ಕೊನೆಗೊಂದು ಐದು ಸೇರಿಸಿದರು. ಮಾಸ್ತರರು ಕೈಯನ್ನೇ ಹಿಂದಕ್ಕೆ ಎಳೆದುಕೊಂಡರು. "೭೩೯೩೮" ಎಂದರೂ ಎಳೆದುಕೊಂಡರು. "೭೩೯೩೯" ಎಂದರೆ ಮತ್ತೆ ಹಿಡಿದರು.

"ಭಾಭೀ, ಬರ್ರಿ ಇಲ್ಲೆ" ಎಂದು ರಾಜೇಸಾಬರು ಕೂಗಿದರು. ಅವರ ಕಣ್ಣು ತುಂಬಿತ್ತು. "ಮಾಸ್ತರ ಒಳಗ ಅದಾರ. ಎಲ್ಲೂ ಹೋಗಿಲ್ಲ."

ಮಾತು ಹೋಗಿತ್ತು, ಅಂಕಿ ಉಳಿದಿದ್ದವು. ಕಸ್ತೂರಿ ಬಂದು ಹೇಳಿದಳು, ಅವಳ ಕೈಯನ್ನೂ ಒತ್ತಿದರು. ಮನೆಯಲ್ಲಿ ಹಬ್ಬ ಬಂದಂತಾಯಿತು. ನನಗೂ ಹೇಳಲಾರದಷ್ಟು ಖುಷಿಯಾಗಿತ್ತು. ಆದರೆ ಬಾಗಿಲಿಗೆ ಒರಗಿ ನಿಂತಿದ್ದ ನೀಲವ್ವನ ಮುಖ ನೋಡಿ ನನ್ನ ಖುಷಿ ಇಳಿಯಿತು. ಅವಳು ಒಮ್ಮೆ ಗಂಡನನ್ನೂ ಒಮ್ಮೆ ಗೋಡೆಯನ್ನೂ ನೋಡಿ, "ಸವತಿ ಗುರುತು ಸಿಕ್ಕತಂತ" ಎಂದಳು. ಅದರಲ್ಲಿ ಈ ಸಲ ನಗು ಇರಲಿಲ್ಲ.

ಆಮೇಲೆ ಅವಳೂ ಬಂದು ಕುಳಿತಳು. ಗಂಡನ ಎಡಗೈ ಹಿಡಿದುಕೊಂಡಳು. ಎಲ್ಲರ ಎದುರು, ಅದೂ ಮಾಸ್ತರರ ಜೀವ ತೂಗುವಂಥ ಹೊತ್ತಿನಲ್ಲಿ ತನ್ನ ಹಳ್ಳಿಯ ಎಣಿಕೆಯ ರೂಢಿ ಬೇಡ ಎನ್ನಿಸಿರಬೇಕು. ರಾಜೇಸಾಬರು ಹೇಳಿದಂತೆಯೇ, ಪರೀಕ್ಷೆಗೆ ನಿಂತವರ ಹಾಗೆ, ತಡೆತಡೆದು ಹೇಳಿದಳು.

"ಏಳು. ಮೂರು. ಒಂಬತ್ತು. ಮೂರು. ಒಂಬತ್ತು. ಒಂದು..."

ಮಾಸ್ತರರು ಕೈ ಎಳೆದುಕೊಂಡರು.

ಅವಳು ಗೋಡೆ ನೋಡಿ ಇನ್ನೊಮ್ಮೆ ಹೇಳಿದಳು. ಒಂದು ಎನ್ನುತ್ತಲೇ ಕೈ ಹಿಂದೆ ಹೋಯಿತು. ರಾಜೇಸಾಬರು ಕುಳಿತು ಅದನ್ನೇ ಹೇಳಿದರು, ಮಾಸ್ತರರು ಒತ್ತಿದರು. ಕಸ್ತೂರಿ ಹೇಳಿದಳು, ಒತ್ತಿದರು. ನೀಲವ್ವ ಹೇಳಿದರೆ ಇಲ್ಲ. ಮೂರನೆಯ ಸಲ ಅವಳ ಕೈಯನ್ನು ತಳ್ಳಿಯೇಬಿಟ್ಟರು.

ನೀಲವ್ವ ಎದ್ದು ನಿಂತಳು. "ಎಲ್ಲಾರೂ ಬೇಕು. ನಾ ಒಬ್ಬಾಕಿನ ಬ್ಯಾಡ ಇವರಿಗೆ" ಎಂದಳು. ದನಿ ಸಣ್ಣದಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ನಡೆದಳು.

ಯಾಕೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರಿಗೆ ಮಾತು ಹೋಗಿತ್ತು, ಇನ್ನೊಬ್ಬರಿಗೆ ಮಾತು ಎಂದೂ ಇರಲಿಲ್ಲ. ಮೂವತ್ತೊಂದು ನನ್ನನ್ನು ಒಡೆಯಿತೆಂದು ಮಾಸ್ತರರು ಎದ್ದುಹೋದಾಗಲೂ ನಾನು ಇಷ್ಟು ಸಂಕಟಪಟ್ಟಿರಲಿಲ್ಲ. ಬಾ ನೀಲವ್ವ, ತಪ್ಪು ನಿನ್ನದಲ್ಲ, ನೀನು ಯಾರದೋ ದನಿಯಲ್ಲಿ ಹೇಳುತ್ತಿದ್ದೀಯ ಎಂದು ಗೋಡೆಯ ಮೇಲೆ ಒದ್ದಾಡಿದೆ.

ದುಃಖವಿದ್ದರೂ ಸಂಜೆಯ ರೊಟ್ಟಿ ಆಗಬೇಕಲ್ಲ. ಹಿಟ್ಟು ತೀರಿತ್ತು, ಜೋಳ ಬೀಸಲು ಗಿರಣಿಗೆ ಕಳಿಸಬೇಕಿತ್ತು. ನೀಲವ್ವ ಡಬ್ಬಿಯ ಮುಚ್ಚಳ ತೆಗೆದು ಸೇರು ಅದ್ದಿ ಚೀಲಕ್ಕೆ ಸುರಿದ ಸದ್ದು ಕೇಳಿತು. ಅಳುವಿನ ನಡುವೆಯೇ, ತನಗೆ ತಿಳಿಯದೆಯೇ, ಎಣಿಸುತ್ತಿದ್ದಳು.

"ಲಾಭ..."

ಮಂಚದ ಮೇಲೆ ಮಾಸ್ತರರ ಎಡಗೈ ಎದ್ದು ಹಾಸಿಗೆಯನ್ನು ಗುದ್ದಿತು. ಇನ್ನೊಮ್ಮೆ ಗುದ್ದಿತು. ರಾಜೇಸಾಬರು ಗಾಬರಿಯಾಗಿ, "ಏನಾತು ಮಾಸ್ತರ?" ಎಂದು ಹತ್ತಿರ ಬಂದರು. ಮಾಸ್ತರರ ಮುಖ ಅಡುಗೆಮನೆಯ ಕಡೆ ತಿರುಗಿತ್ತು.

ಒಳಗೆ ಜೋಳದ ಸದ್ದು ನಿಂತಿತು. ಆಮೇಲೆ ನೀಲವ್ವ ಬಾಗಿಲಿಗೆ ಬಂದಳು, ಕೈಯಲ್ಲಿ ಅರ್ಧ ತುಂಬಿದ ಸೇರು. ಅದನ್ನು ಕೆಳಗಿಡುವುದನ್ನೂ ಮರೆತು ಮಂಚದ ಅಂಚಿಗೆ ಕುಳಿತು, ಇನ್ನೊಂದು ಕೈಯಿಂದ ಗಂಡನ ಕೈ ಹಿಡಿದಳು. ಈ ಸಲ ಗೋಡೆ ನೋಡಲಿಲ್ಲ. ಸೊಪ್ಪು ಸೋಸುತ್ತ ಹೇಳುತ್ತಿದ್ದ ಹಾಗೆ ಸರಸರನೆ ಹೇಳಿದಳು.

"ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಲಾಭ..."

ಮಾಸ್ತರರು ಅವಳ ಕೈಯನ್ನು ಹಿಡಿದರು. ಒತ್ತಿ ಬಿಡಲಿಲ್ಲ, ಹಿಡಿದೇ ಇದ್ದರು. ಸೊಟ್ಟಗಾಗಿದ್ದ ಬಾಯಿ ಅಲುಗಾಡಿತು. ಆಸ್ಪತ್ರೆಯಿಂದ ಬಂದ ಮೇಲೆ ಆ ಬಾಯಿಂದ ಒಂದು ಶಬ್ದ ಹೊರಟಿರಲಿಲ್ಲ. ಈಗ ಬಹಳ ಕಷ್ಟಪಟ್ಟು, "ಲಾ... ಲಾಬ" ಎಂದರು.

"ಹೌದ್ರಿ, ಲಾಭ" ಎಂದಳು ನೀಲವ್ವ. "ಸಿಟ್ಟಾಗಬ್ಯಾಡ್ರಿ. ಒಂದು ಅಂತ ಇನ್ನ ಎಂದೂ ಅನ್ನೂದಿಲ್ಲ." ಸೇರಿನಿಂದ ಜೋಳ ಹಾಸಿಗೆಯ ಮೇಲೆಲ್ಲ ಚೆಲ್ಲುತ್ತಿತ್ತು. ಯಾರೂ ಅದನ್ನು ತೆಗೆಯಲು ಹೋಗಲಿಲ್ಲ. ಬೇರೆ ಯಾರ ಬಾಯಲ್ಲಿ ಬೇಕಾದರೂ ಅದು ಒಂದು ಆಗಬಹುದು, ತನ್ನ ಹೆಂಡತಿಯ ಬಾಯಲ್ಲಿ ಮಾತ್ರ ಆಗಬಾರದು. ಅಷ್ಟು ಗುರುತಿದ್ದವರಿಗೆ ನಾ ಯಾರು ಎಂದು ಅವಳು ಮತ್ತೆ ಕೇಳಲಿಲ್ಲ.

ಮಾಸ್ತರರು ಇನ್ನೂ ಎರಡು ಮಳೆಗಾಲ ಇದ್ದರು. ದಿನವೂ ಬೆಳಿಗ್ಗೆ ಮುಖ ತೊಳೆಸಿ ನೀಲವ್ವ ನನ್ನನ್ನು ಹೇಳುವಳು, ಅವರು ಕೈ ಒತ್ತುವರು. ಬೇರೆ ಮಾತು ಕಡೆಯವರೆಗೂ ಬರಲಿಲ್ಲ. ಎರಡನೆಯ ವರ್ಷ ಅವರ ನೆನಪು ಸವೆಯತೊಡಗಿತು. ಮೊದಲು ನನ್ನ ಕೊನೆಯ ಮೂರಕ್ಕೆ ಬೆರಳು ಏಳಲಿಲ್ಲ. ಆಮೇಲೆ ಅದರ ಹಿಂದಿನದಕ್ಕೂ ಏಳಲಿಲ್ಲ. ಬಾಲದಿಂದಲೇ ಒಂದೊಂದಾಗಿ ಉದುರುತ್ತ ಬಂದವು. ಕಸ್ತೂರಿ ಅಳುತ್ತಿದ್ದಳು. ನಾನು ಅಳಲಿಲ್ಲ. ಹೀಗೆ ಕಳೆದುಕೊಳ್ಳುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಷ್ಟು ಉದುರಿದರೂ ಉಳಿದಷ್ಟು ಒಡೆದದ್ದಲ್ಲ. ಕಡೆಯ ಬೆಳಿಗ್ಗೆ ನೀಲವ್ವ "ಏಳು" ಎಂದಾಗ ಬೆರಳು ಒತ್ತಿದವು. "ಮೂರು" ಎಂದಾಗ ಹಾಗೆಯೇ ಇದ್ದವು. ಅವಳು ಮುಂದೆ ಹೇಳದೆ ಕೈ ಹಿಡಿದುಕೊಂಡು ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಅವರು ಹೋದರು.

ಈಗ ನಾನು ಅದೇ ಗೋಡೆಯ ಮೇಲಿದ್ದೇನೆ. ಕೆಂಪು ಬಣ್ಣ ಮಾಸಿ ಇಟ್ಟಿಗೆಯಂತಾಗಿದೆ, ಕಟ್ಟಿನ ಹಿಂದೆ ಒಂದು ಹಲ್ಲಿ ಸಂಸಾರ ಮಾಡಿಕೊಂಡಿದೆ. ರಾಜೇಸಾಬರೂ ಇಲ್ಲ. ನನ್ನನ್ನು ಬಾಯಿಬಿಟ್ಟು ಹೇಳುವವಳು ಲೋಕದ ಈ ಮೂಲೆಯಲ್ಲಿ ನೀಲವ್ವ ಒಬ್ಬಳೇ. ಅವಳ ಕಣ್ಣಿಗೆ ಪೊರೆ ಬಂದಿದೆ, ನಾನು ಕಾಣುವುದಿಲ್ಲ. ಹೊಸ್ತಿಲ ಬಳಿಯ ಎಳೆಬಿಸಿಲಿನಲ್ಲಿ ಕುಳಿತು ಶೇಂಗಾ ಸುಲಿಯುತ್ತ ನೆನಪಿನಿಂದಲೇ ಹೇಳುತ್ತಾಳೆ. ಅವಳಿಗೂ ಮರೆವು ಹತ್ತಿದೆ. ಆದರೆ ಮಾಸ್ತರರಂತೆ ಬಾಲದಿಂದ ಮರೆಯುವುದಿಲ್ಲ, ನಡುವಿನಿಂದ ಮರೆಯುತ್ತಾಳೆ.

"ಏಳು, ಮೂರು, ಒಂಬತ್ತು..." ಎಂದು ನಿಂತು, ಯೋಚಿಸಿ, ಮುಂದಿನದೆಲ್ಲ ಬಿಟ್ಟು, "ಲಾಭ" ಎಂದು ಮುಗಿಸುತ್ತಾಳೆ.

ಅಂದರೆ ೭೩೯೧. ಅದು ನಾನಲ್ಲ. ನನ್ನ ಕುಲದ್ದೂ ಅಲ್ಲ. ಹತ್ತೊಂಬತ್ತರಿಂದ ಶೇಷವಿಲ್ಲದೆ ಒಡೆದುಹೋಗುತ್ತದೆ. ಸಾವಿರಕ್ಕೂ ಮಿಕ್ಕಿ ಭಾಜಕಗಳ ಎದುರು ಎದೆಸೆಟೆದು ನಿಂತ ನನ್ನನ್ನು ಈ ಮುದುಕಿ ದಿನಕ್ಕೆ ಹತ್ತು ಸಲ ಒಡೆಯುತ್ತಾಳೆ. ಹಿಂದೊಂದು ಕಾಲದಲ್ಲಾದರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಮೊನ್ನೆ ಕಸ್ತೂರಿ, "ಅವ್ವಾ, ನಡಕಿಂದೆಲ್ಲಾ ಬಿಟ್ಟಿ ನೋಡು, ಅಪ್ಪಾ ಇದ್ದಿದ್ರ ಸಿಟ್ಟಾಗ್ತಿದ್ರು" ಎಂದಳು.

"ಆಗೂದಿಲ್ಲ ಬಿಡು" ಎಂದಳು ನೀಲವ್ವ. ಒಂದು ಕಾಯಿ ಒಡೆದು ಕಾಳನ್ನು ಮೊರಕ್ಕೆ ಹಾಕಿದಳು. "ಲಾಭ ಅಂದೇನಿಲ್ಲೋ?"

ಅಂದಿದ್ದಾಳೆ. ನಾನೂ ಕೇಳಿಸಿಕೊಂಡಿದ್ದೇನೆ.